ಸೀಟು ಸಿಕ್ಕ ಮೇಲೆ: ಇಂಜಿನಿಯರಿಂಗ್ ವಿದ್ಯಾರ್ಥಿಯ ಖಿನ್ನತೆಗೂ ಒಂದು ಇತಿಹಾಸವಿದೆ



ಸಿಇಟಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ದೊಡ್ಡೇರಿಯ ಬಸ್ ನಿಲ್ದಾಣದ ಹತ್ತಿರ ಕಟ್ಟುವ ಫ್ಲೆಕ್ಸುಗಳನ್ನು ನೀವು ನೋಡಿರುತ್ತೀರಿ. ಹಿಂದೆ ಹಬ್ಬದ ಶುಭಾಶಯಗಳಿಗೂ ಮುಖಂಡರ ಹುಟ್ಟುಹಬ್ಬಕ್ಕೂ ಮೀಸಲಾಗಿದ್ದ ಆ ಕಂಬಗಳಲ್ಲಿ ಈಗ ಇಂಜಿನಿಯರಿಂಗ್ ಸೀಟು ಪಡೆದ ಮಕ್ಕಳ ಭಾವಚಿತ್ರಗಳೂ ಕಾಣುತ್ತವೆ. ಇದು ಸಂತೋಷದ ವಿಷಯವೇ. ನಮ್ಮಂಥ ಸಂಸ್ಥೆಗಳೂ ಅವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ನೆನಪಿನ ಕಾಣಿಕೆ ಕೊಟ್ಟು ಫೋಟೋ ತೆಗೆಸುತ್ತವೆ. ಆ ಫೋಟೋ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಅಲ್ಲಿಂದ ಮುಂದೆ ಆ ಮಗು ಏನಾಯಿತು ಎಂದು ಕೇಳುವ ಪುಟ ಮಾತ್ರ ನಮ್ಮ ಸಂಚಿಕೆಗಳಲ್ಲಿ ಇರುವುದಿಲ್ಲ. ಈ ಲೇಖನವನ್ನು ಆ ಪುಟವೆಂದು ಭಾವಿಸಿ ಓದಬೇಕಾಗಿ ವಿನಂತಿ.

ಮೊದಲು ನನ್ನ ಒಬ್ಬ ವಿದ್ಯಾರ್ಥಿಯ ಸಂಗತಿ ಹೇಳುತ್ತೇನೆ. ಅವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಏಳನೇ ತರಗತಿಯಲ್ಲಿದ್ದ. ತಂದೆ ಸಂತೆಯಿಂದ ಸಂತೆಗೆ ಬಟ್ಟೆ ಗಂಟು ಹೊತ್ತು ವ್ಯಾಪಾರ ಮಾಡುವವರು. ಹುಡುಗ ಏಳರವರೆಗೆ ಉರ್ದು ಮಾಧ್ಯಮದಲ್ಲಿ, ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿದ. 2020ರಲ್ಲಿ ಸಿಇಟಿ ಮೂಲಕ ಸೀಟು ಸಿಕ್ಕಿತು. ಕೊರೋನಾ ಕಾಲವಾದ್ದರಿಂದ ಇಪ್ಪತ್ತು ಮೂವತ್ತು ಜನರ ನಡುವೆ ಒಂದು ಸಣ್ಣ ಸನ್ಮಾನ ಮಾಡಿದೆವು. ಮೈಕು ಹಿಡಿದವಳು ನಾನೇ. "ಇನ್ನು ಮುಂದೆ ನಿಮ್ಮ ಅಬ್ಬಾ ಗಂಟು ಹೊರಬೇಕಾಗಿಲ್ಲ, ಮನೆಯ ಕಷ್ಟವೆಲ್ಲ ನಿನ್ನಿಂದ ತೀರಿತು" ಎಂದು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗ ತಲೆ ತಗ್ಗಿಸಿ ನಕ್ಕ.

ಮೊದಲ ವರ್ಷದ ಪಾಠಗಳು ಬಹುಪಾಲು ಮೊಬೈಲಿನಲ್ಲೇ ನಡೆದವು. ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಕೂತು ಕೇಳಿದ. ಎರಡನೇ ವರ್ಷ ಹಾಸ್ಟೆಲಿಗೆ ಹೋದ. 2022ರ ಮೇ ತಿಂಗಳಲ್ಲಿ ರಂಜಾನ್ ಹಬ್ಬಕ್ಕೆ ಊರಿಗೆ ಬಂದವನು ಹಬ್ಬ ಮುಗಿದರೂ ಹಿಂದಿರುಗಲಿಲ್ಲ. ಅವನ ತಾಯಿ ನಮ್ಮ ಮನೆಗೆ ಬಂದು, ಹುಡುಗ ಮಾತೇ ಆಡುತ್ತಿಲ್ಲ, ರಾತ್ರಿಯೆಲ್ಲ ಎದ್ದಿರುತ್ತಾನೆ, ಹಗಲು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾನೆ, ಇಷ್ಟದ ಬಿರಿಯಾನಿಯನ್ನೂ ಎರಡು ತುತ್ತು ತಿಂದು ಬಿಡುತ್ತಾನೆ ಎಂದು ಅತ್ತರು. "ನಜರ್ ಲಗ್ಗಯೀ, ಟೀಚರ್" ಎಂದರು. ಆ ಫ್ಲೆಕ್ಸು ನೋಡಿ ಯಾರದೋ ದೃಷ್ಟಿ ತಾಗಿತೆಂದು ಅವರ ನಂಬಿಕೆ. ಆಮೇಲೆ ಅದರ ಬಗ್ಗೆ ಯೋಚಿಸಿದಾಗ ಆ ತಾಯಿಯ ಮಾತಿನಲ್ಲಿ ಒಂದು ಸತ್ಯವಿದೆ ಎನಿಸಿತು. ಅವನ ಮೇಲೆ ಬಿದ್ದಿದ್ದು ನಮ್ಮೆಲ್ಲರ ನಿರೀಕ್ಷೆಯ ದೃಷ್ಟಿ.

ನಾಲ್ಕು ವಿಷಯಗಳಲ್ಲಿ ಫೇಲಾಗಿದ್ದನ್ನು ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

ಇತಿಹಾಸದ ಲೇಖನದಲ್ಲಿ ಈ ಮನೆ ಕಥೆ ಏಕೆ ಎಂದು ನೀವು ಕೇಳಬಹುದು. ಒಬ್ಬ ಹುಡುಗ ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ ಅದು ಅವನೊಬ್ಬನ ಸೋಲೆಂದು ನಾವು ತಿಳಿಯುತ್ತೇವೆ. ಅವನು ಹೊತ್ತ ಭಾರ ನೂರು ವರ್ಷಗಳಿಂದ ಹೇಗೆ ಸೇರಿಕೊಳ್ಳುತ್ತ ಬಂತು ಎಂದು ನೋಡಿದರೆ ಹಾಗೆ ಹೇಳುವುದಕ್ಕೆ ಮನಸ್ಸು ಬರುವುದಿಲ್ಲ.

ಸೆಪ್ಟೆಂಬರ್ 15ರಂದು ಇಂಜಿನಿಯರುಗಳ ದಿನ ಆಚರಿಸಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯುತ್ತೇವೆ. ಬೀದಿದೀಪದ ಕೆಳಗೆ ಓದಿದರು ಎಂಬ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ, ನಾನೂ ಹೇಳಿದ್ದೇನೆ. ಅವರು ಕಷ್ಟದಲ್ಲಿ ಓದಿದ್ದು ನಿಜ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ನಿಭಾಯಿಸಿದರು. ಆದರೆ ಕಥೆಯ ಉಳಿದ ಅರ್ಧವನ್ನು ನಾವು ಹೇಳುವುದಿಲ್ಲ. ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ಅವರಿಗೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಓದು ಮುಗಿದ ಬೆನ್ನಿಗೇ, 1884ರಲ್ಲಿ, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಹುದ್ದೆ ಸಿಕ್ಕಿತು. ಪ್ರತಿಭೆ ಅವರದು, ಆದರೆ ಬೆನ್ನ ಹಿಂದೆ ಒಂದು ಸರ್ಕಾರವಿತ್ತು, ಮುಂದೆ ಒಂದು ಹುದ್ದೆಯಿತ್ತು. ಸಾಲದ ಚಿಂತೆ ಇರಲಿಲ್ಲ. ಬೀದಿದೀಪವನ್ನಷ್ಟೇ ತೋರಿಸಿ ವಿದ್ಯಾರ್ಥಿವೇತನವನ್ನು ಮರೆಮಾಚಿದರೆ, "ಅವರಿಗೆ ಸಾಧ್ಯವಾಗಿದ್ದು ನನಗೇಕೆ ಆಗುತ್ತಿಲ್ಲ" ಎಂದು ಮಗು ತನ್ನನ್ನೇ ಹಳಿದುಕೊಳ್ಳುತ್ತದೆ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂದಿನ ಯುವಿಸಿಇ ಅದೇ. 1946ರಲ್ಲಿ ಬೆಂಗಳೂರಿನ ಬಿ.ಎಂ.ಎಸ್. ಮತ್ತು ಮೈಸೂರಿನ ಎನ್.ಐ.ಇ. ಬಂದವು. ನಮ್ಮ ಜಿಲ್ಲೆಗೆ 1963ರಲ್ಲಿ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಬಂತು. ಮುಸ್ಲಿಂ ಸಂಸ್ಥೆಗಳು 1980ರಲ್ಲಿ ರಾಮನಗರದಲ್ಲಿ ಘೌಸಿಯಾ, ಭಟ್ಕಳದಲ್ಲಿ ಅಂಜುಮನ್, ಗುಲ್ಬರ್ಗದಲ್ಲಿ ಕೆ.ಬಿ.ಎನ್. ಕಾಲೇಜುಗಳನ್ನು ತೆರೆದವು. ಸೀಟುಗಳು ಹೆಚ್ಚಿದವು, ಅದರೊಂದಿಗೆ ಹಣದ ಮಾತೂ ಬೆಳೆಯಿತು. ಡೊನೇಷನ್ ಎಂಬ ಪದ ನಮ್ಮ ಹಳ್ಳಿಯವರಿಗೂ ಪರಿಚಯವಾದದ್ದು ಆಗಲೇ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿ ಕಾಯಿದೆ ಮಾಡಬೇಕಾಯಿತು.

ಮುಂದಿನ ದೊಡ್ಡ ವ್ಯಾಜ್ಯ ಹುಟ್ಟಿದ್ದು ನಮ್ಮ ತುಮಕೂರಿನಿಂದಲೇ ಎಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಮೋಹಿನಿ ಜೈನ್ ಎಂಬ ಉತ್ತರ ಪ್ರದೇಶದ ವಿದ್ಯಾರ್ಥಿನಿಗೆ ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಆದರೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ಕೊಡುವ ಶಕ್ತಿ ಮನೆಯವರಿಗಿರಲಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ಬಂದ ತೀರ್ಪು ಶಿಕ್ಷಣವನ್ನು ಹಕ್ಕೆಂದು ಕರೆದು ಕ್ಯಾಪಿಟೇಷನ್ ಶುಲ್ಕವನ್ನು ತಳ್ಳಿಹಾಕಿತು. 1993ರ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಅರ್ಧ ಸೀಟುಗಳನ್ನು ಅರ್ಹತೆಯ ಮೇಲೆ ಕಡಿಮೆ ಶುಲ್ಕಕ್ಕೆ ಕೊಡಬೇಕೆಂದಿತು. ಇದರ ಫಲವಾಗಿ 1994ರಲ್ಲಿ ಕರ್ನಾಟಕದ ಸಿಇಟಿ ಜಾರಿಗೆ ಬಂತು. ಒಂದು ಪರೀಕ್ಷೆ, ಒಂದು ರ‍್ಯಾಂಕು, ಎಲ್ಲರ ಎದುರಿಗೆ ಸೀಟು ಹಂಚಿಕೆ. ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇತ್ತು. 1995ರಲ್ಲಿ ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗೆ ಶೇ. 4 ಸಿಕ್ಕಿತು. 2002ರ ಟಿ.ಎಂ.ಎ. ಪೈ ತೀರ್ಪಿನ ನಂತರ ಲೆಕ್ಕಾಚಾರಗಳು ಬದಲಾದವು, ಆ ಕಾನೂನಿನ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ನಮ್ಮ ಪಾಲಿಗೆ ಮುಖ್ಯವಾದದ್ದು ಇಷ್ಟು: ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆಯ ರೈತನ, ಬೀಡಿ ಕಟ್ಟುವವಳ, ಸಂತೆ ವ್ಯಾಪಾರಿಯ ಮಗುವಿಗೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲು ತೆರೆದದ್ದು ಆಗ.

ಬಾಗಿಲು ತೆರೆದವರು ಒಳಗೆ ಏನನ್ನೂ ಬದಲಿಸಲಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ನ್ಯಾಯಾಲಯಗಳು, ಸರ್ಕಾರಗಳು, ಸಂಸ್ಥೆಗಳು ಎಲ್ಲರೂ ಸೀಟಿನ ಬಗ್ಗೆ ಹೋರಾಡಿದರು. ಸೀಟು ಸಿಕ್ಕ ಮೇಲೆ ಹಳ್ಳಿಯ ಮಗು ಆ ಸೀಟಿನಲ್ಲಿ ಹೇಗೆ ಕೂರಬೇಕು ಎಂಬುದನ್ನು ಬಹುಕಾಲ ಯಾರೂ ಯೋಚಿಸಲಿಲ್ಲ.

ಭಾಷೆಯನ್ನೇ ನೋಡಿ. ಎರಡು ಭಾಷೆ ಕಲಿಸುವವಳಾದ ನನಗೆ ಇದು ಮೊದಲು ಕಣ್ಣಿಗೆ ಬೀಳುತ್ತದೆ. 1687ರಲ್ಲಿ ಮೊಘಲರು ಸಿರಾವನ್ನು ಹೊಸ ಪ್ರಾಂತ್ಯದ ರಾಜಧಾನಿ ಮಾಡಿಕೊಂಡಾಗ ಕಚೇರಿಯ ಭಾಷೆ ಫಾರಸಿ. ಫಾರಸಿ ಬಲ್ಲವನಿಗೆ ಹುದ್ದೆ, ಉಳಿದವರಿಗೆ ಅರ್ಜಿ ಹಿಡಿದು ನಿಲ್ಲುವ ಕೆಲಸ. ಇಂದು ಫಾರಸಿಯ ಜಾಗದಲ್ಲಿ ಇಂಗ್ಲಿಷ್ ಕೂತಿದೆ. ನನ್ನ ವಿದ್ಯಾರ್ಥಿ ಹೇಳಿದ ಒಂದು ಮಾತು: "ಟೀಚರ್, ಲೆಕ್ಕ ನನಗೆ ಬರುತ್ತಿತ್ತು. ಲೆಕ್ಕದಲ್ಲಿ ಏನು ಕೇಳಿದ್ದಾರೆ ಅನ್ನೋದು ಅರ್ಥವಾಗುವಷ್ಟರಲ್ಲಿ ಮೇಷ್ಟ್ರು ಬೋರ್ಡು ಒರೆಸಿಬಿಡುತ್ತಿದ್ದರು." ಕೈ ಎತ್ತಿ ಕೇಳಬಹುದಿತ್ತಲ್ಲ ಎಂದೆ. ಒಮ್ಮೆ ಕೇಳಿದನಂತೆ, ಅವನ ಇಂಗ್ಲಿಷ್ ಕೇಳಿ ಹಿಂದಿನ ಬೆಂಚಿನವರು ನಕ್ಕರಂತೆ. ಆಮೇಲೆ ಎರಡು ವರ್ಷ ಕೈ ಎತ್ತಲಿಲ್ಲ. ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲಿ ಅವಕಾಶ ಕೊಟ್ಟಿತೇನೋ ನಿಜ, ಆದರೆ ಕೆಲಸದ ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುವಾಗ ಯಾವ ತಂದೆ ಧೈರ್ಯ ಮಾಡಿಯಾನು?

ಇನ್ನು ಪರೀಕ್ಷೆ. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಬಹುತೇಕ ಕಾಲೇಜುಗಳು ಒಂದೇ ಪಠ್ಯಕ್ರಮದ ಕೆಳಗೆ ಬಂದವು. ಬೆಂಗಳೂರಿನ ಇಂಗ್ಲಿಷ್ ಶಾಲೆಯ ಮಗುವಿಗೂ ದೊಡ್ಡೇರಿಯ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ. ಅದು ನ್ಯಾಯವೇ. ಆದರೆ ವಿಷಯಗಳು ಬಾಕಿ ಉಳಿಯುತ್ತ ಹೋದಾಗ ಏನಾಗುತ್ತದೆ ನೋಡಿ. ಹೊಸ ಸೆಮಿಸ್ಟರಿನ ಪಾಠದ ಜೊತೆ ಹಳೆಯದನ್ನೂ ಓದಬೇಕು, ಮತ್ತೆ ಶುಲ್ಕ ಕಟ್ಟಬೇಕು. ಬಾಕಿ ಮಿತಿ ಮೀರಿದರೆ 'ಇಯರ್ ಬ್ಯಾಕ್', ಅಂದರೆ ಗೆಳೆಯರೆಲ್ಲ ಮುಂದಿನ ವರ್ಷಕ್ಕೆ ಹೋಗುವಾಗ ಇವನೊಬ್ಬ ಹಿಂದೆ. ಎಂ-3 ಎಂದು ಕರೆಯುವ ಮೂರನೇ ಸೆಮಿಸ್ಟರಿನ ಗಣಿತದ ಹೆಸರು ಹೇಳಿದರೆ ಸಾಕು, ಹಳೆಯ ವಿದ್ಯಾರ್ಥಿಗಳ ಮುಖ ಬಾಡುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವ ಮಕ್ಕಳಿಗೆ ಅದರ ಜೊತೆ 'ಮ್ಯಾಟ್‌ಡಿಪ್' ಎಂಬ ಹೆಚ್ಚುವರಿ ಗಣಿತವೂ ಇತ್ತು. ಊರಿನಲ್ಲಿ ಎಂದೂ ಫೇಲಾಗದ, ಶಾಲೆಗೇ ಮೊದಲಿಗನಾಗಿದ್ದ ಮಗು ಮೊದಲ ಬಾರಿ ಫೇಲಾಗುವುದು ಅಲ್ಲಿಯೇ. ಸೋಲನ್ನು ಹೇಗೆ ಸಹಿಸಬೇಕೆಂದು ನಾವು ಅದಕ್ಕೆ ಕಲಿಸಿರುವುದಿಲ್ಲ, ಏಕೆಂದರೆ ಗೆಲ್ಲುವ ಮಕ್ಕಳಿಗೆ ಆ ಪಾಠ ಬೇಕೆಂದು ಶಿಕ್ಷಕರಾದ ನಮಗೇ ತೋಚಿರುವುದಿಲ್ಲ.

ಹಣದ ಮಾತು ನಿಮಗೆಲ್ಲ ಗೊತ್ತಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ, ವಿದ್ಯಾರ್ಥಿವೇತನಗಳು ಅನೇಕರನ್ನು ದಡ ಸೇರಿಸಿವೆ. ಆದರೂ ಮೆಸ್ ಬಿಲ್ಲಿಗೆ, ಲ್ಯಾಪ್‌ಟಾಪಿಗೆ, ರೂಮಿನ ಮುಂಗಡಕ್ಕೆ ಅಮ್ಮನ ಬಳೆ ಅಡವಿಗೆ ಹೋಗಿರುತ್ತದೆ. ಆ ಬಳೆ ಹುಡುಗನ ಕಣ್ಣ ಮುಂದೆ ಸದಾ ಇರುತ್ತದೆ. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಹೋದ ವರ್ಷ ಮನೆಯಿಂದ ಬರುವ ಫೋನಿನಲ್ಲಿ "ನೀನು ಚಿಂತೆ ಮಾಡಬೇಡ, ಚೆನ್ನಾಗಿ ಓದು" ಎನ್ನುತ್ತಾರೆ. ಆ ಮಾತಿಗಿಂತ ಭಾರವಾದದ್ದು ಮತ್ತೊಂದಿಲ್ಲ. ಹೆಣ್ಣುಮಕ್ಕಳದು ಇನ್ನೊಂದು ಬಗೆ. ಒಂದು ವಿಷಯ ಹೋದರೆ ಸಾಕು, "ಓದಿದ್ದು ಸಾಕು, ಒಳ್ಳೆ ಸಂಬಂಧ ಬಂದಿದೆ" ಎನ್ನುತ್ತಾರೆಂಬ ಹೆದರಿಕೆಯಲ್ಲೇ ಅವರು ಪರೀಕ್ಷೆ ಬರೆಯುತ್ತಾರೆ. ವಿಶ್ವೇಶ್ವರಯ್ಯನವರ ಕಾಲದ ಹುದ್ದೆಯ ಖಾತರಿಯೂ ಈಗಿಲ್ಲ. 2001ರಲ್ಲಿ, ಮತ್ತೆ 2008ರಲ್ಲಿ ಅಮೆರಿಕದಲ್ಲಿ ಕುಸಿತ ಬಂದಾಗ ಬೆಂಗಳೂರಿನ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನು ತಗ್ಗಿಸಿದವು. ನ್ಯೂಯಾರ್ಕಿನ ಬ್ಯಾಂಕೊಂದು ಮುಳುಗಿದರೆ ಮಧುಗಿರಿಯ ಹುಡುಗನ ನಿದ್ದೆ ಕೆಡುತ್ತದೆ ಎಂಬುದು ನಮ್ಮ ಹಿರಿಯರಿಗೆ ಹೇಗೆ ಅರ್ಥವಾಗಬೇಕು?

ಇವೆಲ್ಲ ಸೇರಿದ ಮಾತ್ರಕ್ಕೆ ಪ್ರತಿಯೊಬ್ಬನಿಗೂ ಖಿನ್ನತೆ ಬರುತ್ತದೆಂದು ಅರ್ಥವಲ್ಲ. ಅದೊಂದು ಕಾಯಿಲೆ. ಮೈಯ ಗುಣ, ಮನೆತನದಲ್ಲಿ ಹಿಂದೆ ಯಾರಿಗಾದರೂ ಇದ್ದದ್ದು, ಒಂಟಿತನ, ನಿದ್ದೆಗೇಡು ಎಲ್ಲವೂ ಅದಕ್ಕೆ ಕೂಡಿಕೊಳ್ಳುತ್ತವೆ. ಎರಡು ವಾರಕ್ಕೂ ಮೀರಿ ದಿನವೆಲ್ಲ ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸವೂ ರುಚಿಸದಿರುವುದು, ನಿದ್ದೆ ಮತ್ತು ಹಸಿವು ಏರುಪೇರಾಗುವುದು, ಓದಿದ್ದು ತಲೆಗೆ ಹತ್ತದಿರುವುದು, ತಾನು ಯಾರಿಗೂ ಬೇಡದವನೆಂಬ ಭಾವನೆ, ಬದುಕೇ ಬೇಡವೆನಿಸುವುದು ಇದರ ಚಿಹ್ನೆಗಳು. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಸಮುದಾಯದಲ್ಲಿ ಇನ್ನೊಂದು ಮಾತು ಬೇಗ ಬರುತ್ತದೆ: ಈಮಾನ್ ಕಡಿಮೆಯಾಗಿದೆ, ನಮಾಝಿಗೆ ಹೋದರೆ ಸರಿಹೋಗುತ್ತದೆ. ಪ್ರಾರ್ಥನೆ ಮನಸ್ಸಿಗೆ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದುಃಖವನ್ನು ಈಮಾನಿನ ಕೊರತೆ ಎಂದು ನಮ್ಮ ಹಿರಿಯರು ಎಣಿಸಿದ್ದರೇ? ಮಗ ಯೂಸುಫರ ಅಗಲಿಕೆಯಲ್ಲಿ ಯಾಕೂಬ್ (ಅ) ಅವರ ಕಣ್ಣುಗಳೇ ಬಿಳುಪಾದ ಸಂಗತಿ ಕುರ್‌ಆನಿನಲ್ಲಿದೆ. ಖದೀಜಾ (ರ) ಮತ್ತು ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿವರ್ಯರ (ಸ) ಚರಿತ್ರೆಯಲ್ಲಿ 'ಆಮುಲ್ ಹುಝ್ನ್', ದುಃಖದ ವರ್ಷ ಎಂದೇ ಕರೆಯುತ್ತಾರೆ. ಬಲ್ಖ್ ನಗರದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ 934ರಲ್ಲಿ ತೀರಿಕೊಂಡವರು. ಅವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗೆಗೂ ಒಂದೇ ಗ್ರಂಥದಲ್ಲಿ ಬರೆದು, ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದೆ ಬರುವ ದುಃಖ ಬೇರೆ, ಎರಡನೆಯದರ ಮೂಲ ದೇಹದಲ್ಲಿದೆ ಎಂದು ವಿಂಗಡಿಸಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಬೇರೆ ವಿಭಾಗವಿತ್ತು. ಹಳೆಯ ಹಕೀಮರ ಪುಸ್ತಕಗಳಲ್ಲಿ ಇದಕ್ಕೆ 'ಮಾಲಿಖೋಲಿಯಾ' ಎಂದು ಹೆಸರು, ಇಂದಿನ ಉರ್ದುವಿನಲ್ಲಿ 'ಅಫ್ಸುರ್ದಗೀ', ಕನ್ನಡದಲ್ಲಿ 'ಖಿನ್ನತೆ'. ಎರಡೂ ಭಾಷೆಗಳಲ್ಲಿ ಪದವಿದೆ, ಮನೆಯಲ್ಲಿ ಮಾತ್ರ ಯಾರೂ ಅದನ್ನು ಬಳಸುವುದಿಲ್ಲ.

ನಿಮ್ಹಾನ್ಸ್ ಎಂಬ ಹೆಸರನ್ನು ನಾವು ಬೈಗುಳವಾಗಿ ಬಳಸುತ್ತೇವೆ. "ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು" ಎಂದು ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ. ಅದರ ಮೂಲ 1847ರ ಬೆಂಗಳೂರಿನ ಹುಚ್ಚಾಸ್ಪತ್ರೆ ಎಂಬುದು ನಿಜ. 1925ರಲ್ಲೇ ಮೈಸೂರು ಸರ್ಕಾರ ಆ ಹೆಸರನ್ನು ಕಿತ್ತು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಈಗಿನ ಜಾಗಕ್ಕೆ ಅದು ಬಂದದ್ದು ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ. 1974ರಲ್ಲಿ ನಿಮ್ಹಾನ್ಸ್ ಆಯಿತು. ಸರ್ಕಾರ ನೂರು ವರ್ಷದ ಹಿಂದೆ ಬಿಟ್ಟ ಪದವನ್ನು ನಾವಿನ್ನೂ ಬಿಟ್ಟಿಲ್ಲ. ನನ್ನ ವಿದ್ಯಾರ್ಥಿಯ ತಂದೆ ಆಸ್ಪತ್ರೆಗೆ ಹೋಗಲು ಒಪ್ಪದ್ದಕ್ಕೆ ಕಾರಣವೂ ಅದೇ, "ಊರಲ್ಲಿ ಏನೆಂದಾರು?"

ಸೀಟು ಸಿಕ್ಕ ಮೇಲಿನ ವಿಷಯಕ್ಕೆ ದೇಶದ ಗಮನ ಹರಿದದ್ದು ತೀರಾ ಈಚೆಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಇದು ಎಲ್ಲ ಬಗೆಯ ವಿದ್ಯಾರ್ಥಿಗಳೂ ಸೇರಿದ ಲೆಕ್ಕ, ಇಂಜಿನಿಯರಿಂಗಿನವರದಷ್ಟೇ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದಿತು. 2022ರ ಅಕ್ಟೋಬರ್ 10ರಂದು 'ಟೆಲಿ ಮಾನಸ್' ಉಚಿತ ಸಹಾಯವಾಣಿ ಆರಂಭವಾಯಿತು, ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯದ ಬಗ್ಗೆ ನಿವೃತ್ತ ನ್ಯಾಯಮೂರ್ತಿ ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ರಚಿಸಿತು. ಅದೇ ಜುಲೈನಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ಆದೇಶಿಸಿತು. 1917ರಿಂದ ಲೆಕ್ಕ ಹಾಕಿದರೆ ನೂರೆಂಟು ವರ್ಷ. ಈ ಸಂಚಿಕೆಯನ್ನು ಓದುವ ಕಾಲೇಜು ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನಲ್ಲಿ ಆ ಸಮಾಲೋಚಕರ ಕೊಠಡಿ ಎಲ್ಲಿದೆ ಎಂದು ವಿಚಾರಿಸಿ ನೋಡಿ. ಕೇಳುವ ಹಕ್ಕು ನಿಮಗಿದೆ.

ನಮ್ಮ ಸಂಸ್ಥೆಯ ಹಿರಿಯರಲ್ಲಿಯೂ ಒಂದು ಮನವಿ. ಶಾಲು ಹೊದಿಸಿದ ಪ್ರತಿ ಮಗುವಿಗೂ ಸದಸ್ಯರಲ್ಲಿ ಒಬ್ಬರು ತಿಂಗಳಿಗೊಮ್ಮೆ ಫೋನ್ ಮಾಡಲಿ. ಅಂಕ ಕೇಳುವುದು ಬೇಡ. ಊಟವಾಯಿತೇ, ನಿದ್ದೆ ಬರುತ್ತಿದೆಯೇ, ಮಾತಾಡಲು ಗೆಳೆಯರಿದ್ದಾರೆಯೇ ಎಂದು ಕೇಳಿದರೆ ಸಾಕು. ಹಣದ ತೊಂದರೆಯಿದ್ದರೆ ಅದು ಪರೀಕ್ಷಾ ಶುಲ್ಕದ ಕೊನೆಯ ದಿನಕ್ಕೆ ಮುಂಚೆಯೇ ಗೊತ್ತಾಗುತ್ತದೆ.

ಅವನ ತಂದೆಯನ್ನು ಒಪ್ಪಿಸಿದ್ದು ನಮ್ಮ ಮಸೀದಿಯ ಇಮಾಮ್ ಸಾಹೇಬರು. "ದುಆ ನಾನು ಮಾಡುತ್ತೇನೆ, ದವಾ ಡಾಕ್ಟರ್ ಕೊಡಲಿ" ಎಂದು ಅವರೇ ಜೊತೆಗೆ ತುಮಕೂರಿಗೆ ಹೊರಟರು. ವೈದ್ಯರು ಒಂದು ಗಂಟೆ ಹುಡುಗನ ಮಾತು ಕೇಳಿದರು. ಗುಳಿಗೆಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ತಾವಾಗಿಯೇ ನಿಲ್ಲಿಸಬಾರದು ಎಂದು ತಾಯಿಗೆ ಬಿಡಿಸಿ ಹೇಳಿದರು. ಹಾಗೆಯೇ ಆಯಿತು. ಒಂದು ವರ್ಷ ಹೋಯಿತು. ಅವನು ಮತ್ತೆ ಕಾಲೇಜಿಗೆ ಹೋದ.

ಪದವಿ ಇನ್ನೂ ಕೈಗೆ ಬಂದಿಲ್ಲ, ಎರಡು ವಿಷಯ ಬಾಕಿ ಇವೆ. ತುಮಕೂರಿನಲ್ಲಿ ಒಂದು ಕೆಲಸ ಹಿಡಿದು ಜೊತೆಗೆ ಓದುತ್ತಿದ್ದಾನೆ. ಅಬ್ಬಾ ಇನ್ನೂ ಸಂತೆಗೆ ಹೋಗುತ್ತಾರೆ. ಅಂದು ವೇದಿಕೆಯಲ್ಲಿ ಆಡಿದ ಮಾತಿಗೆ ನಾನು ಅವನಲ್ಲಿ ಕ್ಷಮೆ ಕೇಳಿದೆ. "ಬಿಡಿ ಟೀಚರ್" ಎಂದ. ಈ ಲೇಖನ ಬರೆಯುತ್ತಿರುವುದಾಗಿ ತಿಳಿಸಿದಾಗ, ಟೆಲಿ ಮಾನಸ್ ಸಂಖ್ಯೆಯನ್ನು ದೊಡ್ಡದಾಗಿ ಹಾಕಿಸಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂಬುದನ್ನೂ ಬರೆಯಿರಿ ಎಂದ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆ ಉಚಿತ.